ಮೇಷ್ಟ್ರ ತಂಬಿಗೆ

ಈ ಮಕ್ಕಳಿಗೆ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಸುವುದೆಂದರೆ ಚಿದಾನಂದಪ್ಪ ಮೇಷ್ಟ್ರಿಗೆ ವಾಕರಿಕೆ. ಆರು ತಿಂಗಳಾದರೂ ಒಂದಕ್ಕೂ ಬಾಯಿ ತಿರುಗಿರಲಿಲ್ಲ. ತರಗತಿಯಲ್ಲಿ ಯಾರಾದರೂ ಒಂದು ಕನ್ನಡ ಪದ ಆಡಿದರೆ ಸಾಕು, ‘ನಾನು ದಡ್ಡ’ ಎಂದು ಬರೆದ ಹಲಗೆ ಕೊರಳಿಗೆ ಬೀಳುತ್ತಿತ್ತು. ಬೈಯುವುದಕ್ಕೆ ಮಾತ್ರ ಮೇಷ್ಟ್ರಿಗೆ ಕನ್ನಡವೇ ಬೇಕು.

ಅಂದು ಅವರು ಬೋರ್ಡಿನ ಮೇಲೆ ಪಾಠದ ಹೆಸರು ಬರೆಯುತ್ತಿದ್ದಾಗ ಬೆನ್ನ ಹಿಂದೆ ಮಕ್ಕಳೆಲ್ಲ ‘ಹಾ’ ಎಂದರು. ತಿರುಗಿ ನೋಡಿದರೆ, ಮುಂದಿನ ಬೆಂಚಿನ ಹುಲಿಗೆಮ್ಮ ಎದ್ದು ನಿಂತು ಮೇಜಿನ ಮೇಲಿದ್ದ ಅವರ ನೀರಿನ ತಂಬಿಗೆಯತ್ತ ಬೆರಳು ಮಾಡುತ್ತಿದ್ದಳು.

“ಸರ್ರೀ, ಅದರಾಗ...”

“ಇಂಗ್ಲಿಷ್!”

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ಬೆರಳು ತೋರಿಸಿದಳು.

“ಕೈ ಇಳಿಸು. ಬಾಯಿಲ್ಲೇನು ನಿನಗ? ನೀರು ಬೇಕಾದ್ರ ಇಂಗ್ಲಿಷಿನಾಗ ಕೇಳು. ಬರಲಿಲ್ಲಂದ್ರ ಬಾಯಿ ಮುಚ್ಕೊಂಡು ಕೂಡು.”

ಅವಳು ಹಲಗೆಯನ್ನೊಮ್ಮೆ ನೋಡಿ ಕೂತಳು. ಮೇಷ್ಟ್ರು ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆ ಎತ್ತಿ, ತುಟಿಗೆ ತಾಗಿಸದೆ ಗಟಗಟನೆ ಅರ್ಧ ನೀರು ಕುಡಿದರು. ನಲವತ್ತು ಮುಖಗಳೂ ಸಿಂಡರಿಸಿಕೊಂಡವು.

ನೀರು ಕುಡಿಯುವುದನ್ನೂ ಕಂಡಿಲ್ಲವೇನೋ ಈ ದನಗಳು ಎಂದು ಅಸಹ್ಯಪಡುತ್ತ ಮೇಷ್ಟ್ರು ಪುಸ್ತಕ ಬಿಡಿಸಿ, ಅದರಲ್ಲಿದ್ದ ಹಲ್ಲಿಯ ಚಿತ್ರವನ್ನು ಎತ್ತಿ ಹಿಡಿದರು.

“ಸೀ, ದಿಸ್ ಈಸ್ ಎ ಲಿಜರ್ಡ್.”

ಹುಲಿಗೆಮ್ಮನ ಮುಖ ಅರಳಿತು. ಅವಳು ಚಂಗನೆ ಎದ್ದು, ಜೀವಮಾನದ ಮೊದಲ ಇಂಗ್ಲಿಷ್ ವಾಕ್ಯ ಹೇಳಿದಳು.

“ಸರ್, ಲಿಜರ್ಡ್ ಈಸ್ ಇನ್ ಯುವರ್ ವಾಟರ್!”