ಮುಂದಕ್ಕೆ ತಿರುಗಿದ ಮೀಟರ್

"ಮುಂದಕ್ಕಾ?" ಇರ್ಶಾದ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಸಾಬ್, ಹಿಂದಕ್ಕೆ ಅಲ್ವಾ?"

"ಮುಂದಕ್ಕೇ. ಮೂರು ಸಾವಿರ ಕಿಲೋಮೀಟರ್," ಎಂದ ಕರಣ್.

ಕೋಟ್ಲಾ ಮುಬಾರಕ್‌ಪುರದ ಆ ಓಣಿಯಲ್ಲಿ ಹಳೆಯ ಕಾರುಗಳ ವಯಸ್ಸು ಇಳಿಸುವುದೇ ಇರ್ಶಾದನ ಕಸುಬು. ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಮೀಟರ್ ಅವನ ಕೈ ಸೋಕಿದರೆ ನಲವತ್ತು ಸಾವಿರಕ್ಕೆ ಇಳಿಯುತ್ತಿತ್ತು. ಇರುವ ವಯಸ್ಸಿಗೆ ಇನ್ನಷ್ಟು ಸೇರಿಸು ಎಂದು ಬಂದ ಗಿರಾಕಿ ಇವನೊಬ್ಬನೇ. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಇರ್ಶಾದ್ ಮೇಲಿನಿಂದ ಕೆಳಗೆ ನೋಡಿ ನಕ್ಕ.

"ಅಚ್ಛಾ. ಪೆಟ್ರೋಲ್ ದುಡ್ಡು ಕಂಪನಿ ಕೊಡುತ್ತೆ, ಅದಕ್ಕೆ."

ಕರಣ್ ಹೌದೆಂದು ತಲೆಯಾಡಿಸಿದ. ಕೆಲಸ ಕಳೆದುಕೊಂಡವನು ಎನ್ನಿಸಿಕೊಳ್ಳುವುದಕ್ಕಿಂತ ಕಳ್ಳ ಎನ್ನಿಸಿಕೊಳ್ಳುವುದು ಸುಲಭವಾಗಿತ್ತು.

ಅಮೆರಿಕದ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ ವರ್ಷ ಅದು. ದೀಪಾವಳಿಗೆ ಮುಂಚೆಯೇ ಗುರಗಾಂವ್‌ನ ಕಚೇರಿ ಅವನ ಇಡೀ ತಂಡವನ್ನು ಮನೆಗೆ ಕಳಿಸಿತ್ತು. ಆದರೆ ಮನೆಯಲ್ಲಿ ಹೇಳುವಂತಿರಲಿಲ್ಲ. ಹೆಂಡತಿ ನಿಶಿತಾ ಬಸುರಿ. ಹಿಂದಿನ ಸಲ ರಕ್ತದೊತ್ತಡ ಏರಿ ಕೂಸು ಉಳಿದಿರಲಿಲ್ಲ. ಈ ಸಲವೂ ಅದು ಏರತೊಡಗಿತ್ತು. ಚಿಂತೆಯ ಮಾತೊಂದೂ ಇವಳ ಕಿವಿಗೆ ಬೀಳಕೂಡದು ಎಂದಿದ್ದರು ಡಾಕ್ಟರಮ್ಮ. ಹೆರಿಗೆಯೊಳಗೆ ಬೇರೆ ಕೆಲಸ ಸಿಗುತ್ತದೆ ಎಂದು ಅವನು ನಂಬಿದ್ದ. ಮೊದಮೊದಲು.

ದಿನವೂ ಬೆಳಿಗ್ಗೆ ಲೋಧಿ ಕಾಲೋನಿಯ ಮನೆಯಿಂದ ಟೈ ಕಟ್ಟಿಕೊಂಡು ಹೊರಡುತ್ತಿದ್ದ. ಅವನ ಹಳೆಯ ಮಾರುತಿ ಜೋರ್‌ಬಾಗ್ ಹಿಂದಿನ ಓಣಿಯ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು, ಸಂಜೆಯವರೆಗೆ. ಅಲ್ಲಿಂದಲೇ ಕಂಪನಿಗಳಿಗೆ ಫೋನು, ಅಲ್ಲೇ ಬುತ್ತಿಯೂಟ. ಡಿಸೆಂಬರ್ ಬಂದ ಮೇಲೆ ಕೈಕಾಲು ಮರಗಟ್ಟುತ್ತಿದ್ದವು. ಹಿಂದಿನ ಸೀಟಿನಲ್ಲಿ ಅಪ್ಪನ ಮಿಲಿಟರಿ ಕಂಬಳಿ ಇದ್ದುದರಿಂದ ಬದುಕಿದ್ದ. ಆಸ್ಪತ್ರೆಗೆ ಹೋಗುವಾಗ ನಿಶಿತಾಗೆ ಬೇಕಾಗುತ್ತದೆ, ಗಾಡಿಯಲ್ಲೇ ಇರಲಿ ಎಂದು ಅಪ್ಪ ತಂದಿಟ್ಟದ್ದು.

ಭಯವಿದ್ದದ್ದು ಆ ಅಪ್ಪನದೇ.

ನಾಣಯ್ಯನವರು ಸೇನೆಯಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಈ ಕಾರನ್ನು ಆರಿಸಿದವರೂ ಅವರೇ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಯೆಲ್ಲ ಆಡಿಸಿ, ಅಂಟದ ಕಡೆ ತಗ್ಗು ಮುಚ್ಚಲು ಪುಟ್ಟಿ ಮೆತ್ತಿದೆ ಎಂದು ಮಾರುವವನ ಮುಖಕ್ಕೇ ಹೇಳುತ್ತಿದ್ದರು. ಸುಳ್ಳು ಅವರಿಗೆ ಆಗದು, ಗುಟ್ಟು ಅವರ ಬಾಯಲ್ಲಿ ನಿಲ್ಲದು. ಕರಣ್‌ಗೆ ಹೆಣ್ಣು ಕೇಳಲು ಹೋದಾಗ, ಹುಡುಗ ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಾನೆ ಎಂದು ಯಾರೂ ಕೇಳದೆಯೇ ಹೇಳಿ ಬಂದ ಪುಣ್ಯಾತ್ಮರು. ಅವರಿಗೆ ಗೊತ್ತಾದರೆ ಮಧ್ಯಾಹ್ನದ ಊಟದೊಳಗೆ ನಿಶಿತಾಗೂ ಗೊತ್ತಾದಂತೆ.

ಸದ್ಯ, ದೀಪಾವಳಿ ಕಳೆದ ಮೇಲೆ ಅವರ ಬೆಳಗಿನ ವಾಕಿಂಗ್ ದಾರಿ ಬದಲಾಗಿತ್ತು. ಜೋರ್‌ಬಾಗ್ ಕಡೆ ನಾಯಿ ಕಾಟ ಎಂದಿದ್ದರು. ಕೊಡಗಿನಲ್ಲಿ ಬೇಟೆನಾಯಿಗಳ ನಡುವೆ ಬೆಳೆದ ಮನುಷ್ಯ. ವಯಸ್ಸಾಯಿತು ಪಾಪ ಎಂದುಕೊಂಡು ಕರಣ್ ನಿಟ್ಟುಸಿರು ಬಿಟ್ಟಿದ್ದ.

ಕುತ್ತಿಗೆಗೆ ಬಂದದ್ದು ಈ ಬುಧವಾರ. ಊಟಕ್ಕೆ ಕೂತಾಗ ನಿಶಿತಾ ಮಾತು ತೆಗೆದಳು.

"ಮಾವ, ಗಾಡಿಯ ಆಯಿಲ್ ಬದಲಾಯಿಸೋದು ಮರೆತೇಬಿಟ್ರಾ? ದಿನಾ ಗುರಗಾಂವ್‌ಗೆ ಹೋಗಿ ಬರೋ ಗಾಡಿ. ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಅರ್ಧ ದಾರೀಲಿ ನಿಂತ್ರೆ?"

ನಾಣಯ್ಯನವರು ತುತ್ತು ನುಂಗಿದರು. "ಭಾನುವಾರ ಮಾಡ್ತೀನಮ್ಮ. ಮೀಟರ್ ನೋಡಿಯೇ ಮಾಡ್ತೀನಿ," ಎಂದರು, ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕರಣ್ ಅನ್ನ ಬಿಟ್ಟು ಎದ್ದ. ದಸರೆಯಲ್ಲಿ ಅಪ್ಪನೇ ಆಯಿಲ್ ಬದಲಿಸಿದ್ದರು. ಅಂದಿನಿಂದ ಮೀಟರ್ ಹೆಚ್ಚುಕಡಿಮೆ ಕೂತಲ್ಲೇ ಕೂತಿತ್ತು.

ಹಾಗಾಗಿ ಶನಿವಾರ ಇರ್ಶಾದನ ಮುಂದೆ ನಿಂತಿದ್ದ. ಇರ್ಶಾದ್ ಡಯಲ್ ಬಿಚ್ಚಿದ, ಅಂಕಿಗಳನ್ನು ಚಿಮುಟದಿಂದ ತಿರುಗಿಸಿದ. ಒಂದು ಚಹಾ ಕುಡಿಯುವುದರೊಳಗೆ ಆ ಬಡಪಾಯಿ ಕಾರು ಎರಡು ತಿಂಗಳ ಕಾಲ ಗುರಗಾಂವ್‌ಗೆ ಹೋಗಿ ಬಂದಿತ್ತು.

ಭಾನುವಾರ ಹಿತ್ತಲ ಓಣಿಯಲ್ಲಿ ನಾಣಯ್ಯನವರು ಮೊದಲು ಮೀಟರ್ ಓದಿದರು, ಪೆರೇಡಿನಲ್ಲಿ ಓದುವ ಹಾಗೆ, ಜೋರಾಗಿ. ನಿಶಿತಾ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು. ಲೆಕ್ಕ ಸರಿಯಾಗಿತ್ತು. ಕರಣ್‌ಗೆ ಹೋದ ಜೀವ ಬಂತು.

ಅಪ್ಪ ಗಾಡಿಯ ಅಡಿಗೆ ತೂರಿ ಬೋಲ್ಟ್ ಬಿಚ್ಚಿದರು. ಆಯಿಲ್ ಡಬ್ಬಿಗೆ ಇಳಿಯತೊಡಗಿತು.

ಜೇನಿನ ಬಣ್ಣ.

ಮೂರು ಸಾವಿರ ಕಿಲೋಮೀಟರ್ ದುಡಿದ ಆಯಿಲ್ ಕಾಡಿಗೆಯಂತಿರುತ್ತದೆ. ಇದು ಎಲ್ಲೂ ಹೋಗಿರಲಿಲ್ಲ. ಮೀಟರಿಗೆ ಸುಳ್ಳು ಕಲಿಸಿದವನು ಆಯಿಲನ್ನು ಮರೆತಿದ್ದ. ಎಲ್ಲ ಮುಗಿಯಿತು ಎಂದು ಕರಣ್‌ಗೆ ಅನ್ನಿಸಿತು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಹೇಗಿದೆ ಮಾವ?" ನಿಶಿತಾ ಕೇಳಿದಳು.

ನಾಣಯ್ಯನವರು ಬೆರಳನ್ನು ಆಯಿಲಿಗೆ ಅದ್ದಿದರು. ಬೆಳಕಿಗೆ ಹಿಡಿದರು. ಬೆರಳನ್ನು ಒರೆಸಿಕೊಂಡು, ಡಬ್ಬಿಯ ಮೇಲೆ ಪೇಪರ್ ಮುಚ್ಚಿದರು.

"ಕಪ್ಪಾಗಿದೆಯಮ್ಮ. ಪಾಪ, ಚೆನ್ನಾಗಿ ದುಡಿದಿದೆ. ಚಳಿ ಇದೆ, ನೀನು ಒಳಗೆ ಹೋಗು."

ಅವಳು ನಗುತ್ತ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ನಾಣಯ್ಯನವರು ಬೋಲ್ಟ್ ಬಿಗಿದು ಎದ್ದರು. ಹೊಸ ಆಯಿಲಿನ ಡಬ್ಬಿಯನ್ನು ಸೀಲ್ ಒಡೆಯದೆ ಪಕ್ಕಕ್ಕೆ ಸರಿಸಿ, ಹಳೆಯದನ್ನೇ ಎಂಜಿನ್ನಿಗೆ ಸುರಿಯತೊಡಗಿದರು.

"ಅಪ್ಪ..." ಎಂದ ಕರಣ್.

"ಹೊಸ ಡಬ್ಬಿ ಅಂಗಡಿಗೆ ವಾಪಸ್ ಕೊಟ್ಟುಬಿಡು," ಎಂದರು ಅವರು, ತಲೆ ಎತ್ತದೆ. "ನಾಳೆಯಿಂದ ಆ ಬೇವಿನ ಮರದ ಕೆಳಗೆ ನಿಲ್ಲಿಸಬೇಡ. ಅಲ್ಲಿ ಮಧ್ಯಾಹ್ನದವರೆಗೂ ಬಿಸಿಲು ಬರಲ್ಲ."