ಹದಿನಾರು ಜಿಬಿ ಯಾರ ಮನೇದು?

ಮನೆಯ ಸರ್ವರ್ ಪದೇ ಪದೇ ನಿಂತುಹೋಗುತ್ತಿತ್ತು. ಭಾನುವಾರ ನಲವತ್ತು ಜನ ಅದರಲ್ಲಿರುವ ವಿಡಿಯೋ ನೋಡುವವರಿದ್ದಾರೆ, ಅಷ್ಟರೊಳಗೆ ರ‍್ಯಾಮ್ ಹೆಚ್ಚಿಸಬೇಕು, ಮೂರು ಸಾವಿರ ಮಾತ್ರ ದಾಟಬಾರದು ಎಂದು ಆತ ಕಂಪ್ಯೂಟರ್ ಅಂಗಡಿಯವಳಿಗೆ ಹೇಳಿದ.

“ಈ ದುಡ್ಡಿಗೆ ಹೊಸದು ಬರಲ್ಲ ಸಾರ್. ಸೆಕೆಂಡ್ ಹ್ಯಾಂಡಲ್ಲಿ ಹದಿನಾರು ಜಿಬಿ ಇದೆ, ತಗೊಳ್ಳಿ.”

“ಯಾರ ಮನೇದು? ಅಂದ್ರೆ, ಯಾವ ಪೈಕಿ?”

“ನಮ್ಮ ಅಂಬೇಡ್ಕರ್ ಕಾಲೊನಿ ಫೋಟೋ ಸ್ಟುಡಿಯೋದು.”

ಚಾಚಿದ್ದ ಕೈಯನ್ನು ಆತ ಜೇಬಿಗಿಳಿಸಿದ. “ಬೇರೆ?”

“ಅರ್ಚಕರ ಮನೇದು ಒಂದಿದೆ. ಎಂಟೇ ಜಿಬಿ. ಭಾನುವಾರ ಮತ್ತೆ ನಿಂತ್ರೆ ನನ್ನ ಬೈಬೇಡಿ.”

“ನಿಂತ್ರೆ ನಿಲ್ಲಲಿ, ಅದನ್ನೇ ಕೊಡಮ್ಮ. ನನಗೇನೂ ಇಲ್ಲ, ಮನೇಲಿ ಹೆಂಗಸರು ಒಪ್ಪಲ್ಲ. ಸರ್ವರ್ ಇರೋದು ದೇವರ ಮನೆ ಪಕ್ಕ.”

ಆಕೆ ಎರಡು ರ‍್ಯಾಮನ್ನೂ ಒಂದೇ ಬಟ್ಟೆಯಲ್ಲಿ ಒರೆಸಿ, ಅರ್ಚಕರದನ್ನು ಕವರಿಗೆ ಹಾಕಿದಳು.

“ಇಷ್ಟು ಮಡಿಯಾಗಿ ಅದರಲ್ಲಿ ಏನಿಟ್ಟಿದ್ದೀರಾ ಸಾರ್?”

“ನನ್ನ ಭಾಷಣಗಳಮ್ಮ. ಜಾತಿ ವಿನಾಶದ ಬಗ್ಗೆ ಇಪ್ಪತ್ತು ವರ್ಷದಿಂದ ಮಾಡಿದ್ದು.”