ಒಂದೇ ಇ-ಸಿಮ್

ಸಿಂಗಪುರಕ್ಕೆ ಯಾವ ಇ-ಸಿಮ್ ಕೊಳ್ಳುವುದೆಂದು ಗಂಡ ವಾರದಿಂದ ತಲೆ ಕೆಡಿಸಿಕೊಂಡಿದ್ದ. ಒಂದೊಂದು ಪ್ಲಾನನ್ನೂ ಓದಿ ಹೇಳುತ್ತಿದ್ದ. ಕೇಳಿ ಕೇಳಿ ಅವಳಿಗೆ ಹೊರಡುವ ಮುಂಚೆಯೇ ಸುಸ್ತಾಗಿತ್ತು.

ಮದುವೆಯಾದಂದಿನಿಂದ ಅವರ ಪ್ರವಾಸಗಳೆಲ್ಲ ಒಂದೇ ಥರ. ಅವನು ಬಿರಬಿರನೆ ಮುಂದೆ ಹೋಗುತ್ತಿದ್ದ, ಅವಳು ಬ್ಯಾಗು ಹೊತ್ತು ಹಿಂದೆ. ಹಂಪಿಯಲ್ಲೂ ಊಟಿಯಲ್ಲೂ ಅವಳು ಹೆಚ್ಚಾಗಿ ನೋಡಿದ್ದು ಅವನ ಬೆನ್ನನ್ನೇ.

"ಇಬ್ರಿಗೂ ಒಂದೊಂದು ತಗೊಂಡ್ಬಿಡ್ಲಾ?" ಎಂದ.

"ಒಂದೇ ಸಾಕು ಕಣ್ರೀ. ಹಾಟ್‌ಸ್ಪಾಟ್ ಹಾಕಿದ್ರೆ ಇನ್ನೊಬ್ರಿಗೂ ನೆಟ್ ಬರುತ್ತಲ್ಲ."

"ಬರುತ್ತೆ, ಆದ್ರೆ ಪಕ್ಕದಲ್ಲೇ ಇರ್ಬೇಕು. ಸ್ವಲ್ಪ ದೂರ ಆದ್ರೂ ಕಟ್ಟಾಗುತ್ತೆ. ಆಮೇಲೆ ಮ್ಯಾಪೂ ಇಲ್ಲ, ಏನೂ ಇಲ್ಲ. ಗೊತ್ತಿಲ್ಲದ ಊರಲ್ಲಿ ಪೆಚ್ಚುಮೋರೆ ಹಾಕ್ಕೊಂಡು ನಿಂತಿರ್ಬೇಕು."

"ಪಕ್ಕದಲ್ಲೇ ನಡೆದ್ರಾಯ್ತು."

"ಇಷ್ಟು ವರ್ಷ ಆಗದೇ ಇದ್ದದ್ದು ಈಗ ಆಗುತ್ತಾ?" ಎಂದು ನಕ್ಕ.

"ಈ ಸಲ ಆಗುತ್ತೆ. ತಗೊಳ್ಳಿ."

ಅವನು ದುಡ್ಡು ಕಟ್ಟಿದ. ಒಂದೇ ಒಂದು ಸಲ ಸ್ಕ್ಯಾನ್ ಮಾಡಬಹುದಾದ ಕೋಡು ಲ್ಯಾಪ್‌ಟಾಪಿನಲ್ಲಿ ಮೂಡಿತು; ಯಾವ ಫೋನಿನಿಂದ ಸ್ಕ್ಯಾನ್ ಮಾಡುತ್ತಾರೋ ಸಿಮ್ ಆ ಫೋನಿಗೇ. ಅವನು ತನ್ನ ಫೋನಿಗಾಗಿ ಜೇಬು ತಡಕಾಡುವಷ್ಟರಲ್ಲಿ ಅವಳು ತನ್ನ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಿ ಆಗಿತ್ತು.